90ನೆಯ ದಿನದ ವರದಿ: ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪ್ರಕರಣಗಳು ಮತ್ತು ಸರ್ಕಾರಿ ಅಭಿಯೋಜಕರ ಹೊಣೆ

1. ವ್ಯಾಪ್ತಿ

ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ಸರ್ಕಾರಿ ವಕೀಲರ ತಂಡದ ಕೆಲಸವನ್ನು ಸಾಮಾನ್ಯವಾಗಿ ವಿಚಾರಣೆಯ ಹಂತದಲ್ಲಿ ಅಳೆಯುತ್ತಾರೆ. ಈ ಟಿಪ್ಪಣಿ ಅದಕ್ಕೂ ಹಿಂದಿನ ಒಂದು ದಾಖಲೆಗಷ್ಟೇ ಸೀಮಿತ: ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯಿದೆಯ, ಅಂದರೆ ಯುಎಪಿಎಯ, ಕಲಂ 43-ಡಿ(2)(ಬಿ) ಪ್ರಕಾರ ತನಿಖೆಯ ಅವಧಿಯನ್ನು 90 ದಿನಗಳಿಂದ 180ರವರೆಗೆ ವಿಸ್ತರಿಸುವಂತೆ ಕೋರಿ ಸರ್ಕಾರಿ ಅಭಿಯೋಜಕರು ಸಲ್ಲಿಸುವ ವರದಿ. ಮುಖ್ಯ ಆಧಾರ, ಬೆಂಗಳೂರು ಪೂರ್ವದ ದೇವರಜೀವನಹಳ್ಳಿ (ಡಿ.ಜೆ. ಹಳ್ಳಿ) ಮತ್ತು ಕಾಡುಗೊಂಡನಹಳ್ಳಿ (ಕೆ.ಜಿ. ಹಳ್ಳಿ) ಠಾಣೆಗಳ ಮೇಲೆ 2020ರ ಆಗಸ್ಟ್ 11ರ ರಾತ್ರಿ ನಡೆದ ದಾಳಿಯ ಎರಡು ಪ್ರಕರಣಗಳು. ಆರೋಪಗಳು ನಿಜವೋ ಅಲ್ಲವೋ ಎಂಬುದು ಇಲ್ಲಿಯ ವಿಷಯವಲ್ಲ.

2. ಅಭಿಯೋಜಕರು ಯಾರ ನೇಮಕ

ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಕಾಯಿದೆ, 2008ರ ಕಲಂ 15ರಂತೆ ವಿಶೇಷ ನ್ಯಾಯಾಲಯದ ಅಭಿಯೋಜಕರನ್ನು ನೇಮಿಸುವುದು ಕೇಂದ್ರ ಸರ್ಕಾರ. ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು, ಇಲ್ಲವೇ ಕಾನೂನಿನ ವಿಶೇಷ ಜ್ಞಾನ ಬೇಡುವ ಸರ್ಕಾರಿ ಹುದ್ದೆಯಲ್ಲಿ ಅಷ್ಟೇ ಕಾಲ ಇದ್ದಿರಬೇಕು. ರಾಜ್ಯದ ಅಭಿಯೋಗ ಇಲಾಖೆಯ ನಿರ್ದೇಶಕರ ಅಧೀನ ಸರಣಿಗೆ ಈ ಹುದ್ದೆ ಸೇರುವುದಿಲ್ಲ. ಹೀಗಾಗಿ ಠಾಣೆಯಲ್ಲಿ ಎಫ್‌ಐಆರ್ ದಾಖಲಾದಾಗ ಕಡತ ನೋಡಿದ ವಕೀಲರೂ ಎನ್‌ಐಎ ಪ್ರಕರಣವನ್ನು ಮರುದಾಖಲಿಸಿಕೊಂಡ ನಂತರ ನೋಡುವ ವಕೀಲರೂ ಸಾಮಾನ್ಯವಾಗಿ ಬೇರೆ ಬೇರೆ. ಕೆಳಗಿನ ದಿನಗಣನೆಗೆ ಈ ಸಂಗತಿ ಮುಖ್ಯ.

3. ದಿನಗಣನೆ

ಎನ್‌ಐಎ ಈ ಎರಡೂ ಪ್ರಕರಣಗಳನ್ನು ಮರುದಾಖಲಿಸಿಕೊಂಡದ್ದು 2020ರ ಸೆಪ್ಟೆಂಬರ್ 21ರಂದು. ದೋಷಾರೋಪ ಪಟ್ಟಿ ಸಲ್ಲಿಕೆ 2021ರ ಫೆಬ್ರವರಿ 5ರಂದು: ಡಿ.ಜೆ. ಹಳ್ಳಿ ಪ್ರಕರಣದಲ್ಲಿ 109, ಕೆ.ಜಿ. ಹಳ್ಳಿ ಪ್ರಕರಣದಲ್ಲಿ 138 ಆರೋಪಿಗಳು. ಪತ್ರಿಕೆಗಳಲ್ಲಿ ಕಾಣುವ 247 ಇವೆರಡರ ಮೊತ್ತ. ಎರಡು ಪಟ್ಟಿಗಳ ಹೆಸರುಗಳನ್ನು ತಾಳೆ ನೋಡದೆ ಇದನ್ನು 247 ಬೇರೆ ಬೇರೆ ವ್ಯಕ್ತಿಗಳೆಂದು ಓದುವುದು ಸರಿಯಲ್ಲ.

ಆಗಸ್ಟ್ 12ರಂದು ಬಂಧಿತನಾಗಿ ಅಂದೇ ರಿಮಾಂಡ್ ಆದ ಒಬ್ಬ ಆರೋಪಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರಿಮಾಂಡ್‌ನ ದಿನವನ್ನೂ ಎಣಿಕೆಗೆ ಸೇರಿಸಿದರೆ 90ನೆಯ ದಿನ ನವೆಂಬರ್ 9. 180ನೆಯ ದಿನ 2021ರ ಫೆಬ್ರವರಿ 7. ಆ ದಿನವನ್ನು ಸೇರಿಸಬೇಕೋ ಬಿಡಬೇಕೋ ಎಂಬುದರಲ್ಲಿ ಆಗ ಸುಪ್ರೀಂ ಕೋರ್ಟ್ ತೀರ್ಪುಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸೇರಿಸಬೇಕೆಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2023ರ ಮಾರ್ಚ್ 27ರಂದು, ಕಪಿಲ್ ವಾಧವಾನ್ ಪ್ರಕರಣದಲ್ಲಿ.

ಈ ಎಣಿಕೆಯಂತೆ ಸೆಪ್ಟೆಂಬರ್ 20ಕ್ಕೆ 40 ದಿನ ಕಳೆದಿದ್ದವು. ಎನ್‌ಐಎ ತಂಡಕ್ಕೆ ಮೊದಲ ಅವಧಿಯಲ್ಲಿ ಉಳಿದದ್ದು 50 ದಿನ. ತನಿಖಾ ಸಂಸ್ಥೆ ಬದಲಾದರೂ ಅವಧಿಯ ಎಣಿಕೆ ಮೊದಲಿನಿಂದ ಶುರುವಾಗುವುದಿಲ್ಲ. ದೋಷಾರೋಪ ಪಟ್ಟಿ ಬಂದದ್ದು 178ನೆಯ ದಿನ, ಅಂದರೆ ಗಡುವಿಗೆ ಎರಡು ದಿನ ಮುಂಚೆ. ಇದು ಒಬ್ಬ ಕಾಲ್ಪನಿಕ ಆರೋಪಿಯ ಲೆಕ್ಕ ಮಾತ್ರ. ಬಂಧನದ ದಿನಾಂಕ ಬೇರೆಯಾದಷ್ಟೂ ಗಡುವೂ ಬೇರೆ. ನೂರಕ್ಕೂ ಹೆಚ್ಚು ಆರೋಪಿಗಳಿರುವ ಕಡತದಲ್ಲಿ ಅಭಿಯೋಜಕರ ತಂಡದ ಮೊದಲ ಕೆಲಸ ಬಹುಶಃ ಈ ದಿನಾಂಕಗಳ ಪಟ್ಟಿಯೇ.

4. ವರದಿಯಲ್ಲಿ ಇರಬೇಕಾದದ್ದು

ಕಲಂ 43-ಡಿ(2)(ಬಿ) ಕೇಳುವುದು ಎರಡನ್ನು: ತನಿಖೆಯ ಪ್ರಗತಿ, ಮತ್ತು 90 ದಿನ ಮೀರಿ ಆರೋಪಿಯನ್ನು ಬಂಧನದಲ್ಲಿಡಲು ನಿರ್ದಿಷ್ಟ ಕಾರಣ. ಎರಡನೆಯದನ್ನು ಮೊದಲನೆಯದರಲ್ಲೇ ಅಡಗಿಸಿಬಿಡುವುದು ಸುಲಭ. ಆದರೆ ‘ತನಿಖೆ ಇನ್ನೂ ಮುಗಿದಿಲ್ಲ’ ಎಂಬುದು ಈ ವ್ಯಕ್ತಿ ಒಳಗೇ ಇರಬೇಕೆಂಬುದಕ್ಕೆ ತಾನಾಗಿ ಕಾರಣವಾಗದು.

ಈ ಒಕ್ಕಣೆ ಹೊಸದಲ್ಲ. 1993ರ ತಿದ್ದುಪಡಿಯಲ್ಲಿ ಭಯೋತ್ಪಾದಕ ಮತ್ತು ವಿಚ್ಛಿದ್ರಕಾರಿ ಚಟುವಟಿಕೆಗಳ (ತಡೆ) ಕಾಯಿದೆಗೆ, ಅಂದರೆ ಟಾಡಾಗೆ, ಸೇರಿದ ಕಲಂ 20(4)(ಬಿಬಿ) ಇದರ ಪೂರ್ವರೂಪ; ಯುಎಪಿಎಗೆ ಬಂದದ್ದು 2008ರ ಡಿಸೆಂಬರ್ 31ರಂದು. ಟಾಡಾ ಕಲಮಿನ ಮೇಲೆ 1994ರಲ್ಲೇ ಎರಡು ತೀರ್ಪುಗಳು ಬಂದವು. ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣ (ಜುಲೈ 12): ಅಭಿಯೋಜಕರು ತನಿಖಾ ಸಂಸ್ಥೆಯ ಅಂಗವಲ್ಲ, ಸ್ವತಂತ್ರ ಶಾಸನಬದ್ಧ ಅಧಿಕಾರಿ, ತನಿಖಾಧಿಕಾರಿಯ ಕೋರಿಕೆಯನ್ನು ಸ್ವತಃ ಪರಿಶೀಲಿಸದೆ ಮುಂದಕ್ಕೆ ಕಳುಹಿಸುವಂತಿಲ್ಲ, ಆರೋಪಿಗೆ ನೋಟಿಸ್ ಬೇಕು. ಸಂಜಯ್ ದತ್ ಪ್ರಕರಣ (ಸೆಪ್ಟೆಂಬರ್ 9, ಸಂವಿಧಾನ ಪೀಠ): ಲಿಖಿತ ನೋಟಿಸ್ ಅಗತ್ಯವಿಲ್ಲ; ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿ, ವಿಸ್ತರಣೆಯ ಪ್ರಶ್ನೆ ಪರಿಶೀಲನೆಯಲ್ಲಿದೆ ಎಂದು ತಿಳಿಸಿದರೆ ಸಾಕು. ಎರಡನೆಯದು ಮೊದಲನೆಯದನ್ನು ತೊಡೆದುಹಾಕಿತೆಂಬ ಓದು ಚಾಲ್ತಿಯಲ್ಲಿದೆ. ಅದು ಅತಿಯಾಯಿತೆಂದು ತೋರುತ್ತದೆ. ಸಡಿಲವಾದದ್ದು ನೋಟಿಸ್‌ನ ರೂಪ, ಹಾಜರಿಯಲ್ಲ.

ಪರಿಶೀಲನೆ ಎಷ್ಟಿರಬೇಕು ಎಂಬುದರಲ್ಲಿ ಮಾತ್ರ ಸುಪ್ರೀಂ ಕೋರ್ಟ್ ತುಸು ಉದಾರವಾಗಿದೆ. ಸುರೇಂದ್ರ ಗಾಡ್ಲಿಂಗ್ ಪ್ರಕರಣದಲ್ಲಿ (2019ರ ಫೆಬ್ರವರಿ 13) ತನಿಖಾಧಿಕಾರಿಯ ಸಹಿಯೂ ಇದ್ದ ದಾಖಲೆಯನ್ನು, ಕರಡು ಇನ್ನೂ ಚೆನ್ನಾಗಿರಬಹುದಿತ್ತೆಂಬ ಧಾಟಿಯಲ್ಲೇ, ಅದು ಅಭಿಯೋಜಕರ ವರದಿಯೆಂದು ಒಪ್ಪಿತು.

5. 2021ರ ಜೂನ್ ಆದೇಶ

ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪ್ರಕರಣಗಳಲ್ಲಿ ವಿಶೇಷ ನ್ಯಾಯಾಲಯ 2020ರ ನವೆಂಬರ್ 3ರಂದು ಅವಧಿಯನ್ನು ವಿಸ್ತರಿಸಿತು. ಮೇಲಿನ ಉದಾಹರಣೆಯಲ್ಲಿ ಅದು 84ನೆಯ ದಿನ. ಗಡುವಿನ ದೃಷ್ಟಿಯಿಂದ ತಡವೇನಲ್ಲ. ದೋಷ ಬೇರೆ ಕಡೆ ಇತ್ತು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಸ್. ವಿಶ್ವಜಿತ್ ಶೆಟ್ಟಿ ಅವರ ಏಕಸದಸ್ಯ ಪೀಠ ಆ ವಿಸ್ತರಣೆಯನ್ನು ರದ್ದುಪಡಿಸಿತು. ಕಾರಣ: ಆರೋಪಿಗಳಿಗೆ ಅಹವಾಲು ಹೇಳಿಕೊಳ್ಳುವ ಅವಕಾಶ ಸಿಕ್ಕಿರಲಿಲ್ಲ. ಪರಿಣಾಮವಾಗಿ 115 ಅರ್ಜಿದಾರರಿಗೆ ಡಿಫಾಲ್ಟ್ ಜಾಮೀನು, ಅಂದರೆ ಗಡುವಿನೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಸಿಗುವ ಜಾಮೀನು, ದೊರೆಯಿತು.

ಈ ಸಂಖ್ಯೆಯನ್ನು ಬಳಸುವಾಗ ಎರಡು ಎಚ್ಚರಿಕೆ ಬೇಕು. ಒಂದು, ಡಿಫಾಲ್ಟ್ ಜಾಮೀನಿಗೂ ಸಾಕ್ಷ್ಯದ ಬಲಾಬಲಕ್ಕೂ ಸಂಬಂಧವಿಲ್ಲ. ಆರೋಪ ಮೇಲ್ನೋಟಕ್ಕೆ ನಿಜವೇ ಎಂಬ ಕಲಂ 43-ಡಿ(5)ರ ಪರೀಕ್ಷೆ ಇಲ್ಲಿ ಏಳುವುದೇ ಇಲ್ಲ. ಈ ಆದೇಶವನ್ನು ‘ಮೊಕದ್ದಮೆ ದುರ್ಬಲ’ ಎಂಬುದಕ್ಕೂ ‘ಆರೋಪಿಗಳು ತಾಂತ್ರಿಕವಾಗಿ ಪಾರಾದರು’ ಎಂಬುದಕ್ಕೂ ಪುರಾವೆಯಾಗಿ ಬಳಸುವ ಬರಹಗಳು ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತವೆ. ಎರಡು, 115 ಎಂಬುದು ಅರ್ಜಿ ಸಲ್ಲಿಸಿದವರ ಎಣಿಕೆ. 247ರಲ್ಲಿ ಅದರ ಶೇಕಡಾವಾರು ತೆಗೆಯುವುದರಿಂದ ಏನೂ ತಿಳಿಯದು. ಮೊಕದ್ದಮೆಯಂತೂ ಮುಂದುವರಿದಿದೆ: ಕೆ.ಜಿ. ಹಳ್ಳಿ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಮೂವರಿಗೆ ವಿಶೇಷ ನ್ಯಾಯಾಲಯ 2025ರ ಜುಲೈನಲ್ಲಿ 7 ವರ್ಷ ಶಿಕ್ಷೆ ವಿಧಿಸಿತು.

ಹೈಕೋರ್ಟ್ ಆದೇಶದ ಹದಿನೈದು ತಿಂಗಳ ನಂತರ, 2022ರ ಸೆಪ್ಟೆಂಬರ್ 23ರಂದು, ಗುಜರಾತಿನ ಜಿಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ದಿಕ್ಕಿನ ತೀರ್ಪು ಕೊಟ್ಟಿತು: ವಿಸ್ತರಣೆಯ ಕೋರಿಕೆ ಪರಿಶೀಲನೆಗೆ ಬಂದಾಗ ಆರೋಪಿಯನ್ನು ಖುದ್ದಾಗಿ ಅಥವಾ ವಿಡಿಯೊ ಮೂಲಕ ಹಾಜರುಪಡಿಸದಿರುವುದು ಬರೀ ಕಾರ್ಯವಿಧಾನದ ಲೋಪವಲ್ಲ, ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆ. ಅಲ್ಲಿ ಪ್ರಶ್ನೆಯಲ್ಲಿದ್ದದ್ದು ಗುಜರಾತಿನ ಸಂಘಟಿತ ಅಪರಾಧ ಕಾಯಿದೆ. ಕರ್ನಾಟಕದ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತೆಂದು ಬರೆಯುವುದು ನಿಖರವಲ್ಲ. ಎರಡೂ ಸಂಜಯ್ ದತ್ ತೀರ್ಪಿನ ಹಾಜರಿಯ ಷರತ್ತನ್ನು ಗಂಭೀರವಾಗಿ ತೆಗೆದುಕೊಂಡವು ಎನ್ನಬಹುದು.

6. ಮಂಜೂರಾತಿ

ತಂಡ ಗಮನಿಸಬೇಕಾದ ಇನ್ನೊಂದು ಗಡುವು, ಮೊಕದ್ದಮೆ ಹೂಡಲು ಯುಎಪಿಎ ಕಲಂ 45 ಕೇಳುವ ಮಂಜೂರಾತಿಯದು. 2008ರ ನಿಯಮಗಳಂತೆ ಸಾಕ್ಷ್ಯ ಪರಿಶೀಲಿಸುವ ಪ್ರಾಧಿಕಾರ 7 ಕೆಲಸದ ದಿನಗಳಲ್ಲಿ ಶಿಫಾರಸು ಮಾಡಬೇಕು, ಸರ್ಕಾರ ಮತ್ತೆ 7 ಕೆಲಸದ ದಿನಗಳಲ್ಲಿ ಮಂಜೂರಾತಿ ನಿರ್ಧರಿಸಬೇಕು. ಈ ಮಿತಿಗಳು ಕಡ್ಡಾಯವೆಂದು ಫುಲೇಶ್ವರ್ ಗೋಪ್ ತೀರ್ಪು (2024ರ ಸೆಪ್ಟೆಂಬರ್ 23) ಹೇಳಿತು, ಆದರೆ ಮುಂದಕ್ಕೆ ಅನ್ವಯಿಸುವಂತೆ. 2020–21ರ ಕಡತಗಳನ್ನು ಈ ಅಳತೆಗೋಲಿನಿಂದ ಅಳೆಯುವಂತಿಲ್ಲ.

7. ಹೋಲಿಕೆಗೆ ಒಂದು ಪ್ರಕರಣ

ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆ ಸ್ಫೋಟ ನಡೆದದ್ದು 2024ರ ಮಾರ್ಚ್ 1ರಂದು. ಎನ್‌ಐಎ ಕೈಗೆತ್ತಿಕೊಂಡದ್ದು ಮಾರ್ಚ್ 3ರಂದು. ಇಲ್ಲಿ ಹಸ್ತಾಂತರಕ್ಕೆ ಕಳೆದ ದಿನಗಳು ತೀರಾ ಕಡಿಮೆ, ಮತ್ತು ಅವು ಯಾವ ಬಂಧನಕ್ಕೂ ಮುಂಚಿನವು. ಇಬ್ಬರು ಪ್ರಮುಖ ಆರೋಪಿಗಳ ಬಂಧನ ಏಪ್ರಿಲ್ 12ರಂದು, ನಾಲ್ವರ ಮೇಲೆ ದೋಷಾರೋಪ ಪಟ್ಟಿ ಸೆಪ್ಟೆಂಬರ್ 9ರಂದು. ನಡುವೆ 150 ದಿನ. ಇಲ್ಲೂ 90ನೆಯ ದಿನದೊಳಗೆ ವಿಸ್ತರಣೆಯ ವರದಿ ಸಲ್ಲಿಕೆಯಾಗಿರಬೇಕು ಎಂಬುದು ದಿನಾಂಕಗಳಿಂದ ಹೊರಡುವ ಅನುಮಾನ.

ಹೊಸ ಪ್ರಕರಣಗಳಲ್ಲಿ ಯಾವ ಕಾನೂನನ್ನು ಹಚ್ಚಿದ್ದಾರೆ ಎಂಬ ಪ್ರಶ್ನೆಯೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 113 ಭಯೋತ್ಪಾದಕ ಕೃತ್ಯವನ್ನು ಪ್ರತ್ಯೇಕ ಅಪರಾಧವಾಗಿಸಿದೆ. ಪ್ರಕರಣವನ್ನು ಅದರಡಿ ದಾಖಲಿಸಬೇಕೋ ಯುಎಪಿಎ ಅಡಿಯೋ ಎಂಬುದನ್ನು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಿರ್ಧರಿಸಬೇಕು. ಕಲಂ 43-ಡಿ ಅನ್ವಯಿಸುವುದು ಯುಎಪಿಎ ಅಪರಾಧಗಳಿಗೆ ಮಾತ್ರ. ಪಠ್ಯದ ಮಟ್ಟಿಗೆ ಹೇಳುವುದಾದರೆ, ಕಲಂ 113 ಒಂದನ್ನೇ ಹಚ್ಚಿದ ಪ್ರಕರಣದಲ್ಲಿ ಅಭಿಯೋಜಕರಿಗೆ ವಿಸ್ತರಣೆಯ ವರದಿ ಸಲ್ಲಿಸುವ ದಾರಿಯಿಲ್ಲ. ದೋಷಾರೋಪ ಪಟ್ಟಿ 90 ದಿನಗಳೊಳಗೇ ಬರಬೇಕು.