ಬೊಜ್ಜಿನ ಆಪರೇಷನ್: ಗಡಿ ದಾಟಿ ಆಸ್ಪತ್ರೆಗೆ ಹೋಗುವ ಮುನ್ನ

ಅತಿಯಾದ ಬೊಜ್ಜಿಗೆ ಆಪರೇಷನ್ ಮಾಡುವ ಆಸ್ಪತ್ರೆಗಳು ಈಗ ಮಂಗಳೂರು, ಬೆಂಗಳೂರು, ಮೈಸೂರು, ಕೊಯಮತ್ತೂರು, ಪುಣೆ, ಹೈದರಾಬಾದ್‌ಗಳಲ್ಲಿ ಇವೆ. ದೊಡ್ಡ ಕಾಯಿಲೆ ಎಂದರೆ ಕಾಸರಗೋಡಿನವರು ಮಂಗಳೂರಿಗೆ, ಹೊಸೂರು ಮತ್ತು ಮಡಕಶಿರಾದವರು ಬೆಂಗಳೂರಿಗೆ, ನೀಲಗಿರಿಯವರು ಕೊಯಮತ್ತೂರಿಗೆ, ಸೊಲ್ಲಾಪುರ ಕಡೆಯವರು ಪುಣೆಗೆ ಹೋಗುವುದು ರೂಢಿ. ಈ ಆಪರೇಷನ್ ಒಂದೆರಡು ಗಂಟೆಯ ಕೆಲಸ. ಎಲ್ಲ ಸರಿ ಇದ್ದರೆ ಎರಡರಿಂದ ನಾಲ್ಕು ದಿನದಲ್ಲಿ ಮನೆಗೆ ಕಳುಹಿಸುತ್ತಾರೆ. ಆದರೆ ಆಮೇಲಿನ ರಕ್ತಪರೀಕ್ಷೆ, ವಿಟಮಿನ್ ಮಾತ್ರೆ, ಆಹಾರದ ಪಥ್ಯ ಬದುಕಿರುವವರೆಗೂ ಮುಗಿಯುವುದಿಲ್ಲ. ದೂರದೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಹಳ್ಳಿಗೆ ಮರಳಿದವರಿಗೆ ತೊಂದರೆಯಾಗುವುದು ಹೆಚ್ಚಾಗಿ ಈ ಎರಡನೆಯ ಭಾಗದಲ್ಲಿ. ಆದ್ದರಿಂದ ಯಾವ ಆಪರೇಷನ್ ಎಂದು ಕೇಳುವಷ್ಟೇ ಮುಖ್ಯವಾಗಿ ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಬೇಕು.

ವೈದ್ಯರ ಭಾಷೆಯಲ್ಲಿ ಇದು ಬೇರಿಯಾಟ್ರಿಕ್ ಸರ್ಜರಿ. ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಇದು ಬೇರೆ. ಲೈಪೋಸಕ್ಷನ್ ಸೌಂದರ್ಯಕ್ಕಾಗಿ ಮಾಡುವಂಥದ್ದು. ಅದರಿಂದ ಶುಗರ್ ಇಳಿಯುವುದಿಲ್ಲ, ಹಸಿವೂ ಕಡಿಮೆಯಾಗುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಮೃತಪಟ್ಟಾಗ ಎರಡನ್ನೂ ಒಂದೇ ಎಂದುಕೊಂಡವರು ಬಹಳ. ಬೇರಿಯಾಟ್ರಿಕ್ ಆಪರೇಷನ್‌ನಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ, ಬದಲಾಯಿಸುವುದು ಹೊಟ್ಟೆಯೊಳಗಿನ ಜಠರ ಮತ್ತು ಸಣ್ಣ ಕರುಳನ್ನು.

ಯಾರಿಗೆ ಬೇಕು?

ಇದಕ್ಕೆ ಅಳತೆಗೋಲು ಬಿಎಂಐ. ತೂಕವನ್ನು (ಕೆ.ಜಿ.) ಎತ್ತರದಿಂದ (ಮೀಟರ್) ಎರಡು ಸಲ ಭಾಗಿಸಿದರೆ ಅದು ಸಿಗುತ್ತದೆ. 5 ಅಡಿ 3 ಅಂಗುಲ, ಅಂದರೆ 160 ಸೆಂ.ಮೀ. ಎತ್ತರದವರು 100 ಕೆ.ಜಿ. ತೂಗಿದರೆ ಬಿಎಂಐ 39. ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್ ಮತ್ತು ಹೃದಯದ ಕಾಯಿಲೆ ಬರುವುದರಿಂದ ಇಲ್ಲಿನ ಮಿತಿಯೂ ಕಡಿಮೆ. 2009ರಲ್ಲಿ ದೇಶದ ತಜ್ಞರು ಒಪ್ಪಿದ ಲೆಕ್ಕದಂತೆ ಬಿಎಂಐ 37.5 ದಾಟಿದವರಿಗೆ ಆಪರೇಷನ್ ಯೋಚಿಸಬಹುದು. ಶುಗರ್, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ ಮುಂತಾದ ಕಾಯಿಲೆ ಜೊತೆಗಿದ್ದರೆ 32.5 ಸಾಕು. 160 ಸೆಂ.ಮೀ. ಎತ್ತರದವರಿಗೆ ಇದು ಕ್ರಮವಾಗಿ 96 ಮತ್ತು 83 ಕೆ.ಜಿ. ಅಂತಾರಾಷ್ಟ್ರೀಯ ತಜ್ಞರ ಸಂಘಗಳು 2022ರಲ್ಲಿ ಈ ಮಿತಿಯನ್ನು ಇನ್ನೂ ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ನೀಡಬಹುದು ಎಂದಿವೆ.

ಮಿತಿ ದಾಟಿದವರೆಲ್ಲ ಓಡಬೇಕಿಲ್ಲ. ಪಥ್ಯ, ನಡಿಗೆ, ಔಷಧಿಯಿಂದ ಆಗದಿದ್ದಾಗ ಮಾತ್ರ ಇದರ ಮಾತು. ತೂಕ ಇಳಿಸುವ ಚುಚ್ಚುಮದ್ದುಗಳೂ ಬಂದಿವೆ; ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಕಾಲಿಟ್ಟವು. ಅವನ್ನು ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ ಎಂಬುದನ್ನೂ ತಿಳಿದಿರಬೇಕು.

ಯಾವ ಯಾವ ಆಪರೇಷನ್?

ಹೆಚ್ಚು ನಡೆಯುವುದು ಸ್ಲೀವ್. ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿದ ಆ ಭಾಗದಲ್ಲೇ ಆದ್ದರಿಂದ ಹಸಿವೂ ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ಆದರೆ ತೆಗೆದ ಜಠರವನ್ನು ಮತ್ತೆ ಜೋಡಿಸಲಾಗದು, ಮತ್ತು ಎದೆಯುರಿ, ಹುಳಿತೇಗು ಮೊದಲೇ ಇದ್ದವರಿಗೆ ಅದು ಇನ್ನಷ್ಟು ಹೆಚ್ಚಬಹುದು. ಅಂಥವರಿಗೆ ಸಾಮಾನ್ಯವಾಗಿ ಬೈಪಾಸ್ ಸೂಚಿಸುತ್ತಾರೆ.

ಬೈಪಾಸ್ ಎಂದರೆ ಹೃದಯದ್ದಲ್ಲ, ಜಠರದ್ದು. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವಷ್ಟು ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ತಂದು ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಇದಕ್ಕೆ ನಾಂದಿ ಹಾಡಿದರು. 1994ರಿಂದ ಇದನ್ನು ಹೊಟ್ಟೆ ಕೊಯ್ಯದೆ ಸಣ್ಣ ತೂತುಗಳ ಮೂಲಕ ಮಾಡಲಾಗುತ್ತಿದೆ. ಹಳೆಯ ಶುಗರ್ ಕಾಯಿಲೆಯವರಿಗೆ ಇದು ಹೆಚ್ಚು ಅನುಕೂಲ. ಕರುಳಿನ ಒಂದೇ ಕಡೆ ಜೋಡಣೆ ಇರುವ ಮಿನಿ ಬೈಪಾಸ್ ಕೂಡ ಭಾರತದಲ್ಲಿ ಬಳಕೆಯಲ್ಲಿದೆ. ಬೈಪಾಸ್ ಆದವರು ಸಿಹಿ ತಿಂದರೆ ಎದೆಬಡಿತ, ಬೆವರು, ತಲೆಸುತ್ತು, ಭೇದಿ ಕಾಣಿಸಬಹುದು. ಕಬ್ಬಿಣ, ಬಿ12, ಕ್ಯಾಲ್ಸಿಯಂ ಹೀರಿಕೆಯೂ ಇವರಲ್ಲಿ ಕಡಿಮೆ.

ಜಠರದ ಸುತ್ತ ಪಟ್ಟಿ ಕಟ್ಟುವ ಬ್ಯಾಂಡ್ ಆಪರೇಷನ್ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು, ಈಗ ಬಹುತೇಕ ಮರೆಯಾಗಿದೆ. ಬಾಯಿಯ ಮೂಲಕ ಜಠರಕ್ಕೆ ಬಲೂನು ಇಳಿಸುವುದು ಆಪರೇಷನ್ನೇ ಅಲ್ಲ; ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗಿನ ತಾತ್ಕಾಲಿಕ ಉಪಾಯ.

ಸ್ಲೀವ್ ಮತ್ತು ಬೈಪಾಸ್‌ನಲ್ಲಿ ಮೊದಲ ಒಂದೆರಡು ವರ್ಷಕ್ಕೆ ಒಟ್ಟು ತೂಕದ ಶೇ. 25ರಿಂದ 30ರಷ್ಟು ಇಳಿಯುವುದನ್ನು ನಿರೀಕ್ಷಿಸಬಹುದು. ಅಂದರೆ 110 ಕೆ.ಜಿ. ಇದ್ದವರು 80ರ ಆಸುಪಾಸಿಗೆ ಬರುತ್ತಾರೆಯೇ ಹೊರತು ಜಾಹೀರಾತಿನ ಚಿತ್ರದಂತೆ 55ಕ್ಕಲ್ಲ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಆಗದವರಿಗಿಂತ ಕಡಿಮೆ ಎಂದು ಅದು ತೋರಿಸಿತು.

ಅಪಾಯ ಎಷ್ಟು?

ಅಪಾಯವೇ ಇಲ್ಲ ಎಂದು ಹೇಳುವ ಆಸ್ಪತ್ರೆಯಿಂದ ದೂರವಿರುವುದು ಒಳಿತು. ಅಮೆರಿಕದಲ್ಲಿ 4,776 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ದಿನದೊಳಗೆ ಮೃತಪಟ್ಟವರು ಶೇ. 0.3. ಹೊಲಿದ ಜಾಗ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಮುಖ್ಯ ಅಪಾಯಗಳು. 2024ರ ಏಪ್ರಿಲ್‌ನಲ್ಲಿ ಚೆನ್ನೈ ಬಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಈ ಆಪರೇಷನ್‌ಗೆ ದಾಖಲಾದ ಯುವಕ ಮೃತಪಟ್ಟಾಗ ತಮಿಳುನಾಡು ಸರಕಾರ ತನಿಖೆ ನಡೆಸಿತು. ಐಸಿಯು ಇದೆಯೇ, ಸರ್ಜನ್ ಇಂಥ ಎಷ್ಟು ಆಪರೇಷನ್ ಮಾಡಿದ್ದಾರೆ, ರಾತ್ರಿ ತೊಂದರೆಯಾದರೆ ಯಾರಿರುತ್ತಾರೆ ಎಂದು ಕೇಳಲು ಸಂಕೋಚ ಬೇಡ.

ಒಳ್ಳೆಯ ಆಸ್ಪತ್ರೆಯಲ್ಲಿ ರೋಗಿ ಮೊದಲು ನೋಡುವುದು ಸರ್ಜನ್ ಒಬ್ಬರನ್ನೇ ಅಲ್ಲ. ಶುಗರ್ ಮತ್ತು ಥೈರಾಯ್ಡ್ ನೋಡುವ ವೈದ್ಯರು, ಅರಿವಳಿಕೆ ತಜ್ಞರು, ಡಯಟೀಷಿಯನ್, ಮನಸ್ಸಿನ ಆಪ್ತ ಸಮಾಲೋಚಕರು ಎಲ್ಲರೂ ಪರೀಕ್ಷಿಸುತ್ತಾರೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್ ಆಗುತ್ತದೆ. ಬೀಡಿ ಸಿಗರೇಟು ಬಿಡಿಸುತ್ತಾರೆ. ಬಂದ ದಿನವೇ ಮುಂಗಡ ಕಟ್ಟಿಸಿಕೊಂಡು ಮರುದಿನ ಆಪರೇಷನ್ ಎನ್ನುವ ಕಡೆ ಇದ್ಯಾವುದಕ್ಕೂ ಸಮಯವಿರುವುದಿಲ್ಲ. ಆಪರೇಷನ್ ಆದವರನ್ನೂ ಆಗಬೇಕಾದವರನ್ನೂ ತಿಂಗಳಿಗೊಮ್ಮೆ ಕೂರಿಸಿ ಮಾತಾಡಿಸುವ ಸಪೋರ್ಟ್ ಗ್ರೂಪ್ ಕೆಲವು ಆಸ್ಪತ್ರೆಗಳಲ್ಲಿದೆ. ಕೂದಲು ಉದುರುವುದು, ಚರ್ಮ ಜೋತುಬೀಳುವುದು, ಮದುವೆ ಊಟದಲ್ಲಿ ಎರಡೇ ತುತ್ತಿಗೆ ಎಲೆ ಮಡಚಬೇಕಾದಾಗಿನ ಮುಜುಗರ ಇವೆಲ್ಲ ಅನುಭವಿಸಿದವರಿಂದಲೇ ತಿಳಿಯುವಂಥವು. ಆಪರೇಷನ್‌ಗೆ ಒಪ್ಪುವ ಮುನ್ನವೇ ಇಂಥ ಒಂದು ಸಭೆಗೆ ಮನೆಯವರೊಂದಿಗೆ ಹೋಗಿಬರುವುದು ಲೇಸು.

ಮನೆಗೆ ಬಂದ ಮೇಲೆ

ಮೊದಲ ಎರಡು ವಾರ ನೀರಾಹಾರ, ಆಮೇಲೆ ಅರೆದದ್ದು, ನಂತರ ಮೆತ್ತಗಿನದು. ಎರಡು ತಿಂಗಳ ಹೊತ್ತಿಗೆ ಮನೆಯ ಊಟ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಕುಚ್ಚಲಕ್ಕಿ ಗಂಜಿತಿಳಿಯಿಂದ ಇದು ದಕ್ಕುವುದಿಲ್ಲ; ಮೊಸರು, ಮೊಟ್ಟೆಯ ಬಿಳಿ, ಮೀನು, ಹೆಸರುಬೇಳೆ, ಪ್ರೋಟೀನ್ ಪುಡಿ ಬೇಕಾಗುತ್ತದೆ. ಹೊಸೂರು, ತಾಳವಾಡಿ, ಮಡಕಶಿರಾ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಆಪರೇಷನ್ ಆದವರು ಹಾಗೆ ನುಂಗಿದರೆ ಸಿಕ್ಕಿಕೊಂಡು ವಾಂತಿಯಾಗುತ್ತದೆ. ಸೊಲ್ಲಾಪುರದ ಖಡಕ್ ರೊಟ್ಟಿಯನ್ನೂ ಬಹುಕಾಲ ದೂರವಿಡಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು.

ಹಳ್ಳಿಯಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ವಾಂತಿಯ ವಿಷಯದಲ್ಲಿ. ಕೆಲವು ದಿನ ಬಿಡದೆ ವಾಂತಿಯಾದರೆ ದೇಹದಲ್ಲಿ ತಯಾಮಿನ್ (ಬಿ1) ಬರಿದಾಗುತ್ತದೆ. ನಡೆಯುವಾಗ ತೂರಾಡುವುದು, ಎರಡೆರಡು ಕಾಣುವುದು, ಮರೆವು ಅದರ ಲಕ್ಷಣ. ಸುಸ್ತು ಎಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ತಯಾಮಿನ್ ಕೊಡದೆ ಬರಿಯ ಗ್ಲೂಕೋಸ್ ಹಾಕಿದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ. ಆದ್ದರಿಂದ ಆಪರೇಷನ್ ಆಗಿದೆ ಎಂಬುದನ್ನು ಯಾವ ವೈದ್ಯರ ಬಳಿ ಹೋದರೂ ಮೊದಲೇ ಹೇಳಬೇಕು. ಮೊದಲ ವಾರಗಳಲ್ಲಿ ಜ್ವರ, ಜೋರು ಎದೆಬಡಿತ, ಹೊಟ್ಟೆ ಅಥವಾ ಭುಜದ ನೋವು ಬಂದರೆ ಸೋರಿಕೆಯ ಗುರುತಿರಬಹುದು. ಮಾತ್ರೆ ನುಂಗಿ ಬೆಳಗಾಗುವುದನ್ನು ಕಾಯಬಾರದು.

ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬೈಪಾಸ್ ಆದವರಿಗೆ ಸಲ್ಲ. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಶುಗರ್ ಬೇಗ ಇಳಿಯುವುದರಿಂದ ಇನ್ಸುಲಿನ್ ಮತ್ತು ಮಾತ್ರೆಯ ಪ್ರಮಾಣವನ್ನು ವೈದ್ಯರು ಕೂಡಲೇ ತಗ್ಗಿಸಬೇಕು. ಹೆಣ್ಣುಮಕ್ಕಳು ವರ್ಷದಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು. ಬೈಪಾಸ್ ನಂತರ ಮದ್ಯ ಬೇಗ ತಲೆಗೇರುತ್ತದೆ, ಚಟವಾಗುವ ಭಯವೂ ಹೆಚ್ಚು.

ಮೊದಲ ವರ್ಷ 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ. ಬಿ12, ಕಬ್ಬಿಣ, ವಿಟಮಿನ್ ಡಿ ಪರೀಕ್ಷೆಯನ್ನು ಹತ್ತಿರದ ಪೇಟೆಯ ಲ್ಯಾಬಿನಲ್ಲೇ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳುಹಿಸಬಹುದೇ ಎಂದು ಮೊದಲೇ ಕೇಳಿಕೊಂಡರೆ ಪ್ರಯಾಣ ಉಳಿಯುತ್ತದೆ. ಡಯಟೀಷಿಯನ್ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದೂ ಸಣ್ಣ ವಿಷಯವಲ್ಲ. ಅಡುಗೆ ಮಾಡುವ ಮನೆಯವರಿಗೆ ಕನ್ನಡವೋ ತುಳುವೋ ಮಾತ್ರ ಬರುವುದಾದರೆ ಇಂಗ್ಲಿಷಿನ ಪಥ್ಯದ ಚೀಟಿ ಡಬ್ಬಿ ಸೇರುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ವೇಳೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನೆನಪಿರುವವರು ತಮ್ಮ ರಾಜ್ಯದಲ್ಲೂ ಪರಿಚಯದ ವೈದ್ಯರೊಬ್ಬರನ್ನು ಇಟ್ಟುಕೊಳ್ಳುತ್ತಾರೆ.

ಹಣದ ಲೆಕ್ಕ

ಸರಕಾರಿ ಯೋಜನೆಯ ಕಾರ್ಡು ಆಯಾ ರಾಜ್ಯದ್ದು. ಕೇರಳದ ಕಾರುಣ್ಯ, ಮಹಾರಾಷ್ಟ್ರದ ಮಹಾತ್ಮಾ ಫುಲೆ, ಆಂಧ್ರದ ಎನ್‌ಟಿಆರ್ ವೈದ್ಯ ಸೇವಾ ಹೀಗೆ ಒಂದೊಂದಕ್ಕೂ ಬೇರೆ ಪಟ್ಟಿ. ಗಡಿಯಾಚೆಯ ಆಸ್ಪತ್ರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಈ ಆಪರೇಷನ್ನೂ ಸೇರಿದೆ ಎಂದಲ್ಲ. ಯೋಜನೆಯ ಕೌಂಟರಿನಲ್ಲಿ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಖಾಸಗಿ ವಿಮೆಯವರಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ ಇದೆ. ಅದರಂತೆ 18 ದಾಟಿದವರಿಗೆ, ವೈದ್ಯರ ಸಲಹೆಯ ಮೇರೆಗೆ, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಇದ್ದು ಹೃದಯದ ಕಾಯಿಲೆ, ತೀವ್ರ ಉಸಿರುಕಟ್ಟುವ ಗೊರಕೆ ಅಥವಾ ಹತೋಟಿಗೆ ಬಾರದ ಶುಗರ್ ಇದ್ದು ಬೇರೆ ಚಿಕಿತ್ಸೆ ಫಲಿಸದಿದ್ದರೆ ವಿಮೆ ಸಿಗುತ್ತದೆ. ವೈದ್ಯರ ಮಿತಿಗೂ ವಿಮೆಯ ಮಿತಿಗೂ ಇಲ್ಲಿ ಅಂತರವಿದೆ. 160 ಸೆಂ.ಮೀ. ಎತ್ತರದ ಶುಗರ್ ರೋಗಿ 85 ಕೆ.ಜಿ. ಇದ್ದರೆ ವೈದ್ಯರು ಆಪರೇಷನ್ ಆಗಬಹುದು ಎಂದಾರು, ವಿಮಾ ಕಂಪನಿ 90 ಕೆ.ಜಿ. ಆಗದೆ ಹಣ ಕೊಡದು. ಮುಂಗಡ ಅನುಮತಿ ಕೈಗೆ ಬಂದ ಮೇಲೆಯೇ ದಿನಾಂಕ ಗೊತ್ತುಮಾಡುವುದು ಕ್ಷೇಮ. ಡಿಸ್ಚಾರ್ಜ್ ಚೀಟಿಯಲ್ಲಿ ಆಪರೇಷನ್‌ನ ಹೆಸರು ಸ್ಪಷ್ಟವಾಗಿ ಬರೆಸಿಕೊಂಡು, ಅದರ ಒಂದು ಜೆರಾಕ್ಸ್ ಪ್ರತಿಯನ್ನು ಊರಿನ ವೈದ್ಯರ ಬಳಿ ಕೊಟ್ಟಿಡಬೇಕು.