ಕವಲೇದುರ್ಗ: ಕೆಳದಿ ಸಂಸ್ಥಾನವನ್ನು ಕಾಯ್ದ ಭುವನಗಿರಿ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಒಂದೇ ರಾಜಮನೆತನದ ಚರಿತ್ರೆಯನ್ನು ತಮ್ಮೊಳಗೆ ಹಂಚಿಕೊಂಡಿವೆ. ಕೆಳದಿ ಅರಸರ ಮೊದಲ ರಾಜಧಾನಿ ಕೆಳದಿ ಹಾಗೂ ಎರಡನೆಯ ರಾಜಧಾನಿ ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯ ರಾಜಧಾನಿಯಾದ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿಗೆ ಸೇರಿದೆ. ಈ ಮೂರೂ ಊರುಗಳು ಕೈತಪ್ಪಿದರೆ ಆಸರೆಗೆಂದು ಅರಸರು ಕಟ್ಟಿಕೊಂಡಿದ್ದ ಗಿರಿದುರ್ಗ ಮಾತ್ರ ತೀರ್ಥಹಳ್ಳಿ ತಾಲ್ಲೂಕಿನ ಕಾಡಿನ ನಡುವೆ ನಿಂತಿದೆ. ಅದೇ ಕವಲೇದುರ್ಗ. ಅರಸರ ಕಾಲದ ಬರಹಗಳಲ್ಲಿ ಇದರ ಹೆಸರು ಭುವನಗಿರಿ ದುರ್ಗ.

ಚಿತ್ರದುರ್ಗದಂತೆ ಈ ಕೋಟೆ ಪಠ್ಯಪುಸ್ತಕಗಳಲ್ಲಿ ಹೆಸರು ಮಾಡಿದ್ದಲ್ಲ. ಆದರೂ ಸುಮಾರು ಎರಡೂವರೆ ಶತಮಾನಗಳ ಕಾಲ ಮಲೆನಾಡು ಮತ್ತು ಕರಾವಳಿಯನ್ನು ಆಳಿದ ಒಂದು ರಾಜ್ಯ, ತನ್ನ ಅತ್ಯಂತ ಸಂಕಟದ ಗಳಿಗೆಯಲ್ಲಿ ಉಳಿದುಕೊಂಡದ್ದು ಈ ಬೆಟ್ಟದ ಬಲದಿಂದ. ಇಲ್ಲಿನ ಐತಿಹ್ಯಗಳನ್ನೂ ಇತಿಹಾಸವನ್ನೂ ಜೊತೆಗಿಟ್ಟು ಓದಿದರೆ ಅವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

ಮನೆತನದ ಹುಟ್ಟು

ಕೆಳದಿ ಮನೆತನದ ಮೂಲಪುರುಷ ಚೌಡಪ್ಪ ನಾಯಕ. ಕ್ರಿ.ಶ. 1500ರ ಸುಮಾರಿಗೆ ವಿಜಯನಗರದ ಅಧೀನ ನಾಯಕನಾಗಿ ಆತ ತಲೆಯೆತ್ತಿದನು. ಈ ಉದಯದ ಸುತ್ತ ಜನಪ್ರಿಯವಾದ ಕಥೆಗಳು ಬೆಳೆದಿವೆ. ಚೌಡ ಮತ್ತು ಭದ್ರ ಎಂಬ ರೈತ ಸಹೋದರರಲ್ಲಿ ಹಿರಿಯನು ಮರದಡಿ ಮಲಗಿದ್ದಾಗ ಸರ್ಪವೊಂದು ಹೆಡೆಯೆತ್ತಿ ನೆರಳು ನೀಡಿತು. ಅವರ ಹಸು ನಿತ್ಯವೂ ಹುತ್ತವೊಂದಕ್ಕೆ ಹಾಲು ಸುರಿಸುತ್ತಿತ್ತು. ಆ ಹುತ್ತವನ್ನು ಅಗೆದಾಗ ಲಿಂಗ ಕಂಡಿತು ಎಂಬುದು ಕಥೆ. ಕೆಳದಿಯ ರಾಮೇಶ್ವರ ದೇವಾಲಯದ ಮೂಲವನ್ನು ಜನ ಹೀಗೆ ಹೇಳುತ್ತಾರೆ. ಹೊಲದಲ್ಲಿ ಸಿಕ್ಕ ನಿಧಿಯನ್ನು ತೆಗೆಯಲು ನರಬಲಿ ಬೇಕಾದಾಗ ಯಾದವ, ಮುರಾರಿ ಎಂಬ ಇಬ್ಬರು ಆಳುಗಳು ತಾವೇ ಮುಂದೆ ಬಂದರೆಂದೂ, ಅವರ ಹೆಸರು ಅಳಿಯದಿರಲೆಂದು ಅರಸರು ಅದನ್ನು ತಮ್ಮ ಬಿರುದಿನಲ್ಲಿ ಸೇರಿಸಿಕೊಂಡರೆಂದೂ ಇನ್ನೊಂದು ಐತಿಹ್ಯವಿದೆ. ಬಿರುದಿನ ಮತ್ತೊಂದು ಭಾಗ ‘ಕೋಟೆ ಕೋಲಾಹಲ’.

ಹೊಸ ಅರಸುಮನೆತನವೊಂದು ಹುಟ್ಟಿದೆಡೆಯಲ್ಲೆಲ್ಲ ಸರ್ಪ, ಹುತ್ತ, ನಿಧಿಗಳ ಕಥೆಗಳು ಕೇಳಿಬರುತ್ತವೆ. ಬೇಸಾಯದ ಕುಟುಂಬವೊಂದು ಸಿಂಹಾಸನವೇರಿದ್ದನ್ನು ದೈವಸಂಕಲ್ಪವೆಂದು ಸಾರುವುದೇ ಅವುಗಳ ಉದ್ದೇಶ. ಆದರೆ ಇಬ್ಬರು ಆಳುಗಳ ತ್ಯಾಗವನ್ನು ಅರಸರ ಬಿರುದಿನಲ್ಲಿಯೇ ಇರಿಸಿ ಸ್ಮರಿಸುವ ಕಥೆ ಅಪರೂಪದ್ದು.

ಬೆಟ್ಟಕ್ಕೆ ಕೋಟೆ ಬಂದದ್ದು

ಕವಲೇದುರ್ಗಕ್ಕೆ ಈಗಿನ ರೂಪ ಬಂದದ್ದು ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ. ಹದಿನಾರನೆಯ ಶತಮಾನದ ಕೊನೆಯ ಭಾಗದಿಂದ 1629ರವರೆಗೆ ಇಕ್ಕೇರಿಯಿಂದ ಆಳಿದ ಈತ ಮನೆತನದ ಪ್ರಬಲ ಅರಸರಲ್ಲೊಬ್ಬ. ‘ಕಾಳುಮೆಣಸಿನ ರಾಣಿ’ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯವನ್ನು ಗೆದ್ದು ಕರಾವಳಿಯ ವ್ಯಾಪಾರವನ್ನು ಕೈವಶ ಮಾಡಿಕೊಂಡವನು ಈತನೇ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಂದಿಗೆ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ತನ್ನ ಪತ್ರಗಳಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ವರ್ಣಿಸಿದ್ದಾನೆ.

ರಾಜಧಾನಿಯಲ್ಲದ ಬೆಟ್ಟದ ಮೇಲೆ ಅರಮನೆ, ಖಜಾನೆ, ಕಣಜ, ಲಾಯಗಳನ್ನು ಕಟ್ಟಿಸುವ ಅಗತ್ಯವೇನಿತ್ತು? ಉತ್ತರ ಈ ನಾಡಿನ ಭೂಗೋಳದಲ್ಲಿದೆ. ಕೆಳದಿ ಸಂಸ್ಥಾನದ ಸಂಪತ್ತೆಲ್ಲ ಅಕ್ಕಿ, ಮೆಣಸು ಮತ್ತು ಅಡಿಕೆಯಿಂದ ಬಂದದ್ದು. ಇವು ಘಟ್ಟದ ಹಾದಿಗಳಲ್ಲಿ ಇಳಿದು ಹೊನ್ನಾವರ, ಬಸರೂರು, ಮಂಗಳೂರು ಬಂದರುಗಳನ್ನು ಸೇರುತ್ತಿದ್ದವು. ಆದ್ದರಿಂದ ಹಾದಿಗಳ ಕಾವಲು ರಾಜ್ಯದ ಜೀವನಾಡಿಯ ಕಾವಲಾಗಿತ್ತು. ಶತ್ರುಗಳಾದರೋ ಪೂರ್ವದ ಬಯಲುಸೀಮೆಯಿಂದ ಬರುವವರು. ಅವರ ಕುದುರೆ ದಂಡು ಇಕ್ಕೇರಿಯವರೆಗೆ ಸುಲಭವಾಗಿ ತಲುಪಬಹುದಿತ್ತು. ದಟ್ಟ ಕಾಡಿನಲ್ಲಿ, ಜಾರುವ ಬೆಟ್ಟದ ದಾರಿಯಲ್ಲಿ, ಮುಂಗಾರು ಮಳೆಯಲ್ಲಿ ಅದೇ ದಂಡು ನಿಷ್ಪ್ರಯೋಜಕವಾಗುತ್ತಿತ್ತು.

ಈ ಆತಂಕ ಬೇಗನೆ ನಿಜವಾಯಿತು. ವೆಂಕಟಪ್ಪನ ನಂತರ ಬಂದ ವೀರಭದ್ರ ನಾಯಕನ ಆಳ್ವಿಕೆಯಲ್ಲಿ, 1637ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಇಕ್ಕೇರಿಯನ್ನು ಸೂರೆಮಾಡಿದನು. 1639ರ ಸುಮಾರಿಗೆ ರಾಜಧಾನಿ ಇಕ್ಕೇರಿಯಿಂದ ಘಟ್ಟದ ಅಂಚಿನ ಬಿದನೂರಿಗೆ ಸ್ಥಳಾಂತರವಾಯಿತು. ಬಿದಿರು ಬೆಳೆವ ಊರು ಎಂಬ ಅರ್ಥದ ಈ ಊರನ್ನು ಸಂಸ್ಕೃತದಲ್ಲಿ ವೇಣುಪುರ ಎಂದೂ ಕರೆದರು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನು ಅದನ್ನು ದೊಡ್ಡ ಪಟ್ಟಣವನ್ನಾಗಿ ಬೆಳೆಸಿದನು. ಭೂಮಿಯನ್ನು ಗುಣಕ್ಕೆ ತಕ್ಕಂತೆ ವಿಂಗಡಿಸಿ ಕಂದಾಯ ಗೊತ್ತುಪಡಿಸಿದ ಆತನ ‘ಶಿಸ್ತು’ ಇಂದಿಗೂ ಮಲೆನಾಡಿನಲ್ಲಿ ಮನೆಮಾತು. ಬಿದನೂರಿನ ಆಗ್ನೇಯಕ್ಕೆ, ಕಾಡುಹಾದಿಯಲ್ಲಿ ಒಂದು ದಿನದ ನಡಿಗೆಯಷ್ಟು ದೂರದಲ್ಲಿದ್ದ ಭುವನಗಿರಿ ಆಗ ಹೊಸ ರಾಜಧಾನಿಗೆ ಬೆಂಗಾವಲಾಯಿತು.

ಚೆನ್ನಮ್ಮಾಜಿಯ ಆಸರೆ

ದುರ್ಗವು ತನ್ನನ್ನು ಕಟ್ಟಿದ ಉದ್ದೇಶವನ್ನು ಸಾರ್ಥಕಪಡಿಸಿದ್ದು 1672ರಲ್ಲಿ. ಸೋಮಶೇಖರ ನಾಯಕನು ಕಲಾವತಿಯೆಂಬ ನರ್ತಕಿಯ ಮೋಹಕ್ಕೆ ಸಿಲುಕಿ ರಾಜ್ಯಭಾರವನ್ನು ಮರೆತನೆಂದು ಪರಂಪರೆಯ ಕಥನಗಳು ಹೇಳುತ್ತವೆ. ಅರಮನೆಯ ಒಳಸಂಚಿನಲ್ಲಿ ಅರಸನ ಕೊಲೆಯಾಯಿತು. ಮಕ್ಕಳಿಲ್ಲದ ಸಿಂಹಾಸನದ ಮೇಲೆ ಬಿಜಾಪುರದ ಕಣ್ಣು ಬಿತ್ತು. ಸಂಧಾನದ ನೆಪದಲ್ಲಿ ದೂತನು ಬಂದ ಬೆನ್ನಿಗೇ ಸೇನೆಯೂ ಬಿದನೂರಿನತ್ತ ಹೊರಟಿತು.

ರಾಣಿ ಚೆನ್ನಮ್ಮಾಜಿ ಆಗ ತೆಗೆದುಕೊಂಡ ತೀರ್ಮಾನ ಅಸಾಧಾರಣವಾದುದು. ರಾಜಧಾನಿಯನ್ನು ಉಳಿಸಿಕೊಳ್ಳಲು ಆಕೆ ಸೈನ್ಯವನ್ನು ಬಲಿಗೊಡಲಿಲ್ಲ. ಸಿಂಹಾಸನ, ಖಜಾನೆ, ರಾಜಲಾಂಛನಗಳನ್ನು ಭುವನಗಿರಿಗೆ ಸಾಗಿಸಿ, ತಾನೂ ಬೆಟ್ಟವೇರಿದಳು. ಬಿಜಾಪುರದ ದಂಡಿಗೆ ದಕ್ಕಿದ್ದು ಬರಿದಾದ ಅರಮನೆ. ಚದುರಿದ್ದ ಸರದಾರರು ಬೆಟ್ಟದಲ್ಲಿ ರಾಣಿಯ ಸುತ್ತ ಮತ್ತೆ ಒಂದುಗೂಡಿದರು. ಹಿಂದೆ ಅರಮನೆಯಿಂದ ದೂರವಾಗಿದ್ದ ತಿಮ್ಮಣ್ಣ ನಾಯಕನಂಥವರೂ ಮರಳಿ ಬಂದರು. ಆಕೆಯ ಪಟ್ಟಾಭಿಷೇಕ ಈ ದುರ್ಗದಲ್ಲಿಯೇ ನಡೆಯಿತೆಂಬುದು ಪರಂಪರೆಯ ಮಾತು. ಕಾಡಿನ ಇಕ್ಕಟ್ಟಾದ ದಾರಿಗಳಲ್ಲಿ ವೈರಿಗಳನ್ನು ಹಿಮ್ಮೆಟ್ಟಿಸಿದ ಬಳಿಕ ರಾಣಿ ಬಿದನೂರಿಗೆ ಹಿಂದಿರುಗಿ 1697ರವರೆಗೆ ಆಳಿದಳು. 1689ರಲ್ಲಿ ಮೊಘಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೇನೆಯನ್ನು ಎದುರಿಸಿದವಳು ಈಕೆಯೇ. 1824ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಕಿತ್ತೂರಿನ ಚೆನ್ನಮ್ಮ ಬೇರೆ. ಇಬ್ಬರನ್ನೂ ಒಬ್ಬರೆಂದು ತಿಳಿಯುವುದು ಸಾಮಾನ್ಯವಾದ ತಪ್ಪು.

ಚೆನ್ನಮ್ಮಾಜಿಯ ದತ್ತುಪುತ್ರ ಬಸವಪ್ಪ ನಾಯಕನು 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಈ ವಂಶದ ಕಥೆಯನ್ನು ಹೇಳುವ ಕನ್ನಡ ಚಂಪೂಕಾವ್ಯ. ಕೆಳದಿಯ ಇತಿಹಾಸವನ್ನು ಬರೆಯುವವರಿಗೆ ಇವೆರಡೂ ಮುಖ್ಯ ಆಕರಗಳು.

1763: ಬೆಟ್ಟ ಉಳಿಸದ ರಾಜ್ಯ

ತೊಂಬತ್ತೊಂದು ವರ್ಷಗಳ ನಂತರ ಇನ್ನೊಬ್ಬ ರಾಣಿಗೆ ಅದೇ ಬಗೆಯ ಸಂಕಟ ಒದಗಿತು. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಏರಿಬಂದಾಗ ವೀರಮ್ಮಾಜಿ ಆಳುತ್ತಿದ್ದಳು. ತೀರಿಹೋದನೆಂದು ತಿಳಿದಿದ್ದ ಯುವರಾಜ ಚೆನ್ನಬಸವಪ್ಪನು ತಾನೇ ಎಂದು ಹೇಳಿಕೊಂಡ ಯುವಕನೊಬ್ಬ ಹೈದರನ ಪಾಳೆಯದಲ್ಲಿದ್ದನು. ಸೈನಿಕರು ಆತನನ್ನು ‘ಗೈಬು ರಾಜ’ನೆಂದು ಹಾಸ್ಯ ಮಾಡುತ್ತಿದ್ದರಂತೆ. ಹಿಂದೆ ಬಿದನೂರಿನಲ್ಲಿಯೇ ಮಂತ್ರಿಯಾಗಿದ್ದ ಲಿಂಗಣ್ಣನು ಪಟ್ಟಣದೊಳಗೆ ನುಗ್ಗುವ ಗುಪ್ತ ದಾರಿಯನ್ನು ತೋರಿಸಿಕೊಟ್ಟನು. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನ ದುರ್ಗಕ್ಕೆ ಪಲಾಯನ ಮಾಡಿದಳು. ಹೈದರನ ಕಡೆಯವರು ಬೆಂಕಿಯನ್ನು ಆರಿಸಿದರು. ಖಜಾನೆ ಇದ್ದಲ್ಲಿಯೇ ಅವರ ಕೈಸೇರಿತು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಲೂಟಿಯನ್ನು ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡುಗಳೆಂದು ಅಂದಾಜು ಮಾಡಿದ್ದಾನೆ. ವೀರಮ್ಮಾಜಿ ಸೆರೆಯಾಗಿ ಮಧುಗಿರಿಗೆ ಹೋದಳು.

ಎರಡು ಘಟನೆಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. 1672ರಲ್ಲಿ ಕೋಟೆಗೆ ಮೊದಲು ಖಜಾನೆ ಹೋಗಿತ್ತು, ಸರದಾರರ ನಿಷ್ಠೆಯೂ ಹಿಂಬಾಲಿಸಿತ್ತು. 1763ರಲ್ಲಿ ದಾರಿ ತೋರಿದವನೇ ಒಳಗಿನವನು. ಬೆಟ್ಟ ಮತ್ತು ಕಾಡುಗಳನ್ನು ನಂಬಿ ಕಟ್ಟಿದ ರಕ್ಷಣೆಗೆ, ಆ ದಾರಿಗಳನ್ನು ಬಲ್ಲ ಮನುಷ್ಯನೇ ದೊಡ್ಡ ಅಪಾಯವಾದನು.

ಬಿದನೂರು ಹೈದರನಗರವಾಯಿತು, ಜನರ ಬಾಯಲ್ಲಿ ನಗರವೆಂದೇ ಉಳಿಯಿತು. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ನೇತೃತ್ವದ ಇಂಗ್ಲಿಷ್ ಸೇನೆ ಈ ಪ್ರಾಂತ್ಯವನ್ನು ಕೆಲವೇ ತಿಂಗಳು ಹಿಡಿದಿಟ್ಟುಕೊಂಡಾಗ ಅವರ ಬರಹಗಳಲ್ಲಿ ದುರ್ಗವು ‘ಕೌಲೆದ್ರೂಗ್’ ಆಯಿತು. ಅದೇ ವರ್ಷ ಟಿಪ್ಪು ಸುಲ್ತಾನನು ಪ್ರಾಂತ್ಯವನ್ನು ಮರಳಿ ಪಡೆದನು. ಕೆಳದಿಯ ನೆನಪು ಮಾತ್ರ ಅಷ್ಟು ಬೇಗ ಅಳಿಯಲಿಲ್ಲ. 1830-31ರ ನಗರ ದಂಗೆಯ ಮುಂದಾಳು ಬೂದಿ ಬಸವಪ್ಪನು ತಾನು ನಗರದ ಅರಸರ ವಾರಸುದಾರನೆಂದೇ ಜನರನ್ನು ಕೂಡಿಸಿದನು. ಇಂದಿನ ತೀರ್ಥಹಳ್ಳಿ ತಾಲ್ಲೂಕು ಕೂಡ ಹತ್ತೊಂಬತ್ತನೆಯ ಶತಮಾನದಲ್ಲಿ ಕವಲೇದುರ್ಗ ತಾಲ್ಲೂಕು ಎಂದೇ ಕರೆಯಲ್ಪಡುತ್ತಿತ್ತು.

ಬೆಟ್ಟದ ಮೇಲೆ ಉಳಿದಿರುವುದು

ಕವಲೇದುರ್ಗ ಗ್ರಾಮದಿಂದ ಗದ್ದೆಗಳ ಅಂಚಿನಲ್ಲಿ ಸಾಗುವ ಕಾಲುದಾರಿ ಕಲ್ಲುಹಾಸಿನ ಹಾದಿಯನ್ನು ಸೇರುತ್ತದೆ. ಬೆಟ್ಟದ ಬುಡದ ಕೆರೆಗೆ ತಿಮ್ಮಣ್ಣ ನಾಯಕನ ಹೆಸರಿದೆ. ಬೆಟ್ಟದ ಮೈಯನ್ನು ಅನುಸರಿಸಿ ಒಂದರ ಒಳಗೊಂದರಂತೆ ಮೂರು ಸುತ್ತಿನ ಕೋಟೆಯಿದೆ. ದೊಡ್ಡ ಕಲ್ಲುಗಳನ್ನು ಹೊಂದಿಸಿ ಕಟ್ಟಿದ ಗೋಡೆಗಳು ಹಾವಸೆ ಹಿಡಿದರೂ ಗಟ್ಟಿಯಾಗಿವೆ. ಪ್ರತಿ ಹೆಬ್ಬಾಗಿಲಿನ ಎರಡೂ ಬದಿಗೆ ಕಾವಲುಗಾರರ ಕೋಣೆಗಳಿವೆ.

ಒಳಗೆ ಕಾಶಿ ವಿಶ್ವನಾಥ ದೇವಾಲಯ ಮತ್ತು ಅದರ ಎದುರಿನ ಎರಡು ಎತ್ತರದ ಕಂಬಗಳು ಮೊದಲು ಗಮನ ಸೆಳೆಯುತ್ತವೆ. ಅರಮನೆಯ ಮರದ ಮೇಲ್ಕಟ್ಟು ಎಂದೋ ನಶಿಸಿದೆ. ಉಳಿದ ಕಲ್ಲಿನ ಜಗಲಿ, ಕಂಬಗಳ ಬುಡ, ಪೂಜಾಕೋಣೆ, ಬಚ್ಚಲು, ನೀರು ಹರಿಯುವ ಕಾಲುವೆ ಮತ್ತು ಹಲವು ಬಾಯಿಗಳ ಕಲ್ಲಿನ ಒಲೆ ಆ ಕಾಲದ ನಿತ್ಯಜೀವನವನ್ನು ತಿಳಿಸುತ್ತವೆ. ಮೆಟ್ಟಿಲುಗಳಿರುವ ಕೊಳವೂ ಇದೆ. ತುತ್ತತುದಿಯಲ್ಲಿ ಶಿಖರೇಶ್ವರನ ಪುಟ್ಟ ಗುಡಿ; ಅಲ್ಲಿಂದ ವಾಯವ್ಯಕ್ಕೆ ಕೊಡಚಾದ್ರಿಯ ಸಾಲು ಮತ್ತು ವಾರಾಹಿ ಯೋಜನೆಯ ಹಿನ್ನೀರು ಕಾಣುತ್ತವೆ. ದುರ್ಗದ ನೆರಳಿನಲ್ಲಿ ಬೆಳೆದ ವೀರಶೈವ ಮಠ ಇಂದಿಗೂ ಇದೆ.

ನೀರಿನ ಕಥೆ, ನಿಧಿಯ ಕಥೆ

ಬೆಟ್ಟದ ಮೇಲಿನ ಗದಾತೀರ್ಥವನ್ನು ವನವಾಸದಲ್ಲಿದ್ದ ಭೀಮಸೇನನು ಗದೆಯಿಂದ ಬಂಡೆಗೆ ಅಪ್ಪಳಿಸಿ ಉಂಟುಮಾಡಿದನೆಂದು ಜನ ನಂಬುತ್ತಾರೆ. ಪಾಂಡವರ ಕಥೆ ಇಲ್ಲಿ ನೆಲೆಯೂರಿದ್ದಕ್ಕೆ ಕಾರಣವಿದೆ. ಬೇಸಿಗೆಯಲ್ಲೂ ಬೆಟ್ಟದ ತಲೆಯ ಮೇಲೆ ನೀರು ನಿಲ್ಲುವುದು ನೋಡುವವರಿಗೆ ವಿಸ್ಮಯ. ಮಳೆಗಾಲದ ನೀರನ್ನು ಹಂತಹಂತವಾಗಿ ಕೆರೆ, ಕೊಳಗಳಲ್ಲಿ ತಡೆದು ನಿಲ್ಲಿಸಿದ ಜಾಣ್ಮೆಯಿಲ್ಲದೆ ಯಾವ ಸೈನ್ಯವೂ ಈ ಬೆಟ್ಟದಲ್ಲಿ ದಿನ ಕಳೆಯಲು ಸಾಧ್ಯವಿರಲಿಲ್ಲ. ಆ ವಿಸ್ಮಯಕ್ಕೆ ಜನ ಭೀಮನ ಹೆಸರಿಟ್ಟರು. ಇದು ಯಾರಿಗೂ ಕೇಡು ಮಾಡದ ಐತಿಹ್ಯ.

ಗುಪ್ತನಿಧಿಯ ಕಥೆ ಹಾಗಲ್ಲ. ಕೆಳದಿಯ ಖಜಾನೆ ಒಮ್ಮೆ ಈ ಬೆಟ್ಟಕ್ಕೆ ಬಂದದ್ದು ನಿಜವಾದ್ದರಿಂದ, ಅದರ ಒಂದು ಪಾಲು ಇಲ್ಲಿಯೇ ಹೂತಿದೆ, ಸುರಂಗದಲ್ಲಿದೆ ಎಂಬ ಮಾತು ಸುಲಭವಾಗಿ ಹುಟ್ಟಿತು. ಆದರೆ ಚೆನ್ನಮ್ಮಾಜಿ ಬಿದನೂರಿಗೆ ಮರಳಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಂದಲೇ ಆಳಿದಳು. 1763ರಲ್ಲಿ ಹೈದರಾಲಿಗೆ ಖಜಾನೆ ದೊರೆತದ್ದೂ ಅಲ್ಲಿಯೇ. ಬೆಟ್ಟದಲ್ಲಿ ಹೊನ್ನು ಉಳಿದಿದೆಯೆನ್ನಲು ಚರಿತ್ರೆಯಲ್ಲಿ ಆಧಾರವಿಲ್ಲ. ಹಾಗಿದ್ದರೂ ನಿಧಿಯಾಸೆಗೆ ಗರ್ಭಗುಡಿ ಅಗೆಯುವುದು, ನಂದಿಯನ್ನು ಉರುಳಿಸುವುದು ಮಲೆನಾಡಿನ ಹಾಳುಗುಡಿಗಳಿಗೆಲ್ಲ ತಗುಲಿದ ಪಿಡುಗು. ಒಂದು ಕಲ್ಲು ಕದಲಿದರೆ ಅದು ಯಾವ ಪದರದಲ್ಲಿತ್ತು, ಯಾವ ಕಟ್ಟಡಕ್ಕೆ ಸೇರಿತ್ತು ಎಂಬ ತಿಳಿವಳಿಕೆ ಎಂದೆಂದಿಗೂ ನಷ್ಟವಾಗುತ್ತದೆ.

ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಕಾಡಿನ ಮಧ್ಯದ ಬೆಟ್ಟದಲ್ಲಿ ಕಾನೂನಿಗಿಂತ ಹೆಚ್ಚು ಕೆಲಸ ಮಾಡುವುದು ಸುತ್ತಲಿನ ಗ್ರಾಮಸ್ಥರ ಕಣ್ಣು ಮತ್ತು ಬರುವವರ ವಿವೇಕ.

ನೋಡಲು ಹೋಗುವವರಿಗೆ

ತೀರ್ಥಹಳ್ಳಿಯಿಂದ ಕವಲೇದುರ್ಗ ಗ್ರಾಮಕ್ಕೆ ಸುಮಾರು 20 ಕಿ.ಮೀ. ಅಲ್ಲಿಂದ ಮುಂದೆ ನಡೆದೇ ಹತ್ತಬೇಕು. ಅಕ್ಟೋಬರಿನಿಂದ ಫೆಬ್ರವರಿವರೆಗಿನ ಕಾಲ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲುಗಳು ಅಪಾಯಕರವಾಗಿ ಜಾರುತ್ತವೆ, ಉಂಬಳಗಳ ಕಾಟವೂ ಇರುತ್ತದೆ. ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು. ಎರಡು ದಿನಗಳ ಬಿಡುವಿದ್ದವರು ಕೆಳದಿಯ ರಾಮೇಶ್ವರ ದೇವಾಲಯ ಮತ್ತು ವಸ್ತುಸಂಗ್ರಹಾಲಯ, ಇಕ್ಕೇರಿಯ ಅಘೋರೇಶ್ವರ ದೇವಾಲಯ, ನಗರದ ಕೋಟೆ ಮತ್ತು ದೇವಗಂಗೆಯ ಕೊಳಗಳನ್ನು ಇದೇ ಅನುಕ್ರಮದಲ್ಲಿ ನೋಡಿ ಕೊನೆಗೆ ಕವಲೇದುರ್ಗವನ್ನು ಹತ್ತಿದರೆ, ರಾಜ್ಯವೊಂದು ಬಯಲಿನ ಅಂಚಿನಿಂದ ಕಾಡಿನೊಳಕ್ಕೆ ಹೆಜ್ಜೆ ಹೆಜ್ಜೆಯಾಗಿ ಸರಿದ ದಾರಿ ತಾನಾಗಿ ಅರ್ಥವಾಗುತ್ತದೆ.