ನೀರಿನ ವ್ಯಾಕ್ಯೂಮ್ ಕ್ಲೀನರ್ ಧೂಳನ್ನೆಲ್ಲ ಹಿಡಿದುಬಿಡುತ್ತದೆಯೇ?

ಮಾರಾಟ ಪ್ರತಿನಿಧಿ ಮನೆಗೆ ಬಂದು ಹಾಸಿಗೆಯ ಮೇಲೆ ಯಂತ್ರ ಓಡಿಸುತ್ತಾರೆ. ಐದೇ ನಿಮಿಷಕ್ಕೆ ಪಾರದರ್ಶಕ ತೊಟ್ಟಿಯ ತಿಳಿನೀರು ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ನೋಡಿದವರಿಗೆ ವಾಕರಿಕೆ ಬರುತ್ತದೆ. ಇಂಥ ವಿಡಿಯೋಗಳು ವಾಟ್ಸಾಪ್‌ನಲ್ಲಿ ಓಡಾಡುವಾಗ ಜೊತೆಗೆ ಮೂರು ಮಾತುಗಳೂ ಬರುತ್ತವೆ: ನೀರು ನೂರಕ್ಕೆ ನೂರು ಧೂಳು ಹಿಡಿಯುತ್ತದೆ, ಕೋಣೆಯ ಗಾಳಿಯನ್ನೂ ತೊಳೆಯುತ್ತದೆ, ಅಸ್ತಮಾ ಮತ್ತು ಅಲರ್ಜಿಯಿಂದ ಬಿಡುಗಡೆ ಕೊಡುತ್ತದೆ.

ಚುಟುಕಾದ ಉತ್ತರ ಹೀಗಿದೆ. ನೀರು ಧೂಳು ಹಿಡಿಯುವುದು ನಿಜ. ಎಲ್ಲ ಧೂಳನ್ನೂ ಹಿಡಿಯುತ್ತದೆ ಎಂಬುದು ನಿಜವಲ್ಲ. ಅಸ್ತಮಾದ ಮಾತನ್ನು ನಂಬಿ ಔಷಧಿ ನಿಲ್ಲಿಸಿದರೆ ಅಪಾಯ. ಈಗ ವಿವರ ನೋಡೋಣ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಎಲ್ಲ ವ್ಯಾಕ್ಯೂಮ್ ಕ್ಲೀನರ್‌ಗಳ ಮೂಲ ಕೆಲಸ ಒಂದೇ. ಮೋಟಾರು ಫ್ಯಾನನ್ನು ತಿರುಗಿಸುತ್ತದೆ, ಒಳಗೆ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಧೂಳಿನ ಸಮೇತ ನುಗ್ಗುತ್ತದೆ. ಗಾಳಿಯಿಂದ ಧೂಳನ್ನು ಬೇರ್ಪಡಿಸುವ ವಿಧಾನದಲ್ಲಿ ಮಾತ್ರ ವ್ಯತ್ಯಾಸ. ಚೀಲದ ಯಂತ್ರದಲ್ಲಿ ಬಟ್ಟೆ ಅಥವಾ ಕಾಗದದ ಪದರಗಳು ಸೋಸುತ್ತವೆ. ಸೈಕ್ಲೋನ್ ಯಂತ್ರದಲ್ಲಿ ಗಾಳಿ ಸುಳಿಯಂತೆ ತಿರುಗಿ, ಭಾರದ ಕಣಗಳು ಅಂಚಿಗೆ ಸರಿದು ಕೆಳಗೆ ಬೀಳುತ್ತವೆ. ನೀರಿನ ಯಂತ್ರದಲ್ಲಿ ಗಾಳಿ ಸುಮಾರು ಎರಡು ಲೀಟರ್ ನೀರಿನ ಮೂಲಕ ಹಾದು ಹೋಗಬೇಕು.

ದಪ್ಪ ಧೂಳು, ಕೂದಲು, ಮರಳು ನೀರಿಗೆ ಬಡಿದು ಅಲ್ಲೇ ಉಳಿಯುತ್ತವೆ. ಅವು ಭಾರವಾಗಿರುವುದರಿಂದ ಗಾಳಿ ತಿರುಗಿದಷ್ಟು ಬೇಗ ತಿರುಗಲಾರವು. ಇಷ್ಟರ ಮಟ್ಟಿಗೆ ವಿಧಾನ ಚೆನ್ನಾಗಿದೆ.

ಗುಳ್ಳೆಯೊಳಗಿನ ಧೂಳು ಒದ್ದೆಯಾಗುವುದಿಲ್ಲ

ತೊಂದರೆ ಇರುವುದು ಸಣ್ಣ ಕಣಗಳಲ್ಲಿ. ಗಾಳಿ ನೀರಿನೊಳಗೆ ಗುಳ್ಳೆಗಳಾಗಿ ಏಳುತ್ತದೆ. ಗುಳ್ಳೆಯ ಗೋಡೆಗೆ ತಾಗಿದ ಕಣ ನೀರಿಗೆ ಸಿಕ್ಕಿಬೀಳುತ್ತದೆ. ನಡುವಿನಲ್ಲಿ ತೇಲುವ ಸೂಕ್ಷ್ಮ ಕಣ ನೀರನ್ನು ಮುಟ್ಟದೆಯೇ ಮೇಲಕ್ಕೆ ಬಂದು, ಗುಳ್ಳೆ ಒಡೆದಾಗ ಗಾಳಿಯ ಜೊತೆ ಹೊರಟುಬಿಡುತ್ತದೆ. ನಮ್ಮ ಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು 2.5 ಮೈಕ್ರಾನ್‌ಗಿಂತ ಚಿಕ್ಕವು. ತಪ್ಪಿಸಿಕೊಳ್ಳುವುದರಲ್ಲಿ ಮುಂದಿರುವವು ಇವೇ.

ಎಲ್ಲ ಪುಡಿಯೂ ನೀರಿಗೆ ಒಲಿಯುವುದಿಲ್ಲ ಎಂಬುದು ಇನ್ನೊಂದು ವಿಷಯ. ಒಂದು ಲೋಟ ನೀರಿನ ಮೇಲೆ ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ ನೋಡಿ. ಅದು ಮುಳುಗದೆ ಮೇಲೆಯೇ ಹರಡಿ ತೇಲುತ್ತದೆ. ಯಂತ್ರದ ತೊಟ್ಟಿಯಲ್ಲಿರುವುದೂ ಇದೇ ನೀರು.

ಈ ಮಿತಿ ತಯಾರಕರಿಗೂ ಗೊತ್ತು. ಜರ್ಮನಿಯ ಕಾರ್ಚರ್ ಕಂಪನಿಯ ಡಿಎಸ್ 6 ಮಾದರಿಯಲ್ಲಿ ನೀರಿನ ನಂತರ ಹೆಪಾ ಫಿಲ್ಟರ್ ಇದೆ. ಅಮೆರಿಕದ ರೆಕ್ಸ್‌ಏರ್ ಕಂಪನಿಯ ರೇನ್‌ಬೋ ಯಂತ್ರದಲ್ಲೂ ಹೆಪಾ ಇದೆ. ನೀರೊಂದೇ ಸಾಕಾಗಿದ್ದರೆ ಅದರ ಹಿಂದೆ ಇನ್ನೊಂದು ಜರಡಿ ಯಾಕೆ ಬೇಕಿತ್ತು?

ಹೆಪಾ ಎಂದರೆ ಬಹಳ ಸಣ್ಣ ನಾರುಗಳ ದಟ್ಟ ಹಾಳೆ. ಅಮೆರಿಕದ ಮಾನದಂಡದಂತೆ ಅದು 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. 0.3 ಎಂಬ ಅಳತೆಗೆ ಕಾರಣವಿದೆ. ಇದಕ್ಕಿಂತ ದೊಡ್ಡವು ನಾರಿಗೆ ನೇರ ಬಡಿಯುತ್ತವೆ. ತೀರಾ ಚಿಕ್ಕವು ಅತ್ತಿತ್ತ ಅಲುಗಾಡುತ್ತಾ ತಾವೇ ಹೋಗಿ ಅಂಟಿಕೊಳ್ಳುತ್ತವೆ. ನಡುವಿನ ಈ ಗಾತ್ರವನ್ನು ಹಿಡಿಯುವುದೇ ಕಷ್ಟ, ಹಾಗಾಗಿ ಪರೀಕ್ಷೆಯೂ ಅಲ್ಲೇ. ಪೆಟ್ಟಿಗೆಯ ಮೇಲೆ 'ಹೆಪಾ ಟೈಪ್' ಎಂದಿದ್ದರೆ ಅದು ಈ ಮಾನದಂಡ ಮುಟ್ಟಿದೆ ಎಂದು ಅರ್ಥವಲ್ಲ.

ಕೊಳಕು ನೀರು ಏನನ್ನು ಸಾಬೀತು ಮಾಡುತ್ತದೆ?

ಹಾಸಿಗೆಯಲ್ಲಿ ಧೂಳು ಇತ್ತು ಮತ್ತು ಅದರಲ್ಲಿ ಒಂದಷ್ಟು ನೀರಿಗೆ ಬಂತು, ಇಷ್ಟನ್ನು ಮಾತ್ರ. ಎಷ್ಟು ಹೊರಗೆ ಹೋಯಿತು ಎಂಬುದು ತೊಟ್ಟಿಯನ್ನು ನೋಡಿದರೆ ತಿಳಿಯುವುದಿಲ್ಲ. ಫಿಲ್ಟರಿನ ಗುಣ ಅಳೆಯಬೇಕಾದರೆ ಯಂತ್ರದಿಂದ ಹೊರಬರುವ ಗಾಳಿಯಲ್ಲಿನ ಕಣಗಳನ್ನು ಎಣಿಸಬೇಕು. ಸಾಧಾರಣ ಚೀಲದ ಯಂತ್ರವೂ ಅದೇ ಹಾಸಿಗೆಯಿಂದ ಧೂಳು ಎಳೆಯುತ್ತದೆ, ಅದು ಚೀಲದೊಳಗೆ ಕಾಣುವುದಿಲ್ಲ ಅಷ್ಟೆ.

ಕಪ್ಪು ಬಟ್ಟೆಯ ಮೇಲೆ ಬಿಳಿ ಪುಡಿ ತೋರಿಸಿ ಇದೆಲ್ಲ ಹುಳ ಎನ್ನುವುದೂ ಇದೆ. ಧೂಳುನುಸಿಗಳು ಹಾಸಿಗೆಯಲ್ಲಿ ಇರುವುದು ನಿಜ. ಆದರೆ ಆ ಪುಡಿಯಲ್ಲಿ ಉದುರಿದ ಚರ್ಮದ ಹೊಟ್ಟು, ಹತ್ತಿಯ ಎಳೆ, ಪೌಡರ್, ಫೋಮಿನ ಚೂರು ಎಲ್ಲ ಸೇರಿರುತ್ತವೆ. ನುಸಿಯ ಉದ್ದ ಸುಮಾರು 0.3 ಮಿಲಿಮೀಟರ್. ಸೂಕ್ಷ್ಮದರ್ಶಕವಿಲ್ಲದೆ ಅದನ್ನು ಗುರುತಿಸುವುದು ಸಾಧ್ಯವಿಲ್ಲ.

ಅಸ್ತಮಾ ಕಡಿಮೆಯಾಗುತ್ತದೆಯೇ?

ಧೂಳುನುಸಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಹಿಕ್ಕೆಯಲ್ಲಿರುವ ಪ್ರೋಟೀನ್. ನುಸಿ ಬೆಳೆಯಲು ತೇವ ಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಅದಕ್ಕೆ ಹಬ್ಬ. ವ್ಯಾಕ್ಯೂಮ್ ಮೇಲ್ಪದರದ ಧೂಳನ್ನು ತೆಗೆಯುತ್ತದೆ. ನಾರನ್ನು ಬಿಗಿಯಾಗಿ ಹಿಡಿದುಕೊಂಡ ಜೀವಂತ ನುಸಿಗಳು ಒಳಗೆ ಉಳಿಯುತ್ತವೆ.

2008ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ ಧೂಳುನುಸಿ ನಿಯಂತ್ರಣದ 54 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಹಾಸಿಗೆಯ ಹೊದಿಕೆ, ರಾಸಾಯನಿಕ, ವ್ಯಾಕ್ಯೂಮ್, ಗಾಳಿಯ ಫಿಲ್ಟರ್ ಮುಂತಾದ ವಿಧಾನಗಳು ಅದರಲ್ಲಿದ್ದವು. ಇವುಗಳಿಂದ ಅಸ್ತಮಾದಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಮನೆ ಗುಡಿಸುವುದು ಬೇಡ ಎಂದು ಇದರರ್ಥವಲ್ಲ. ಯಂತ್ರ ಚಿಕಿತ್ಸೆಯ ಜಾಗ ತುಂಬಲಾರದು ಎಂದರ್ಥ. ಮಗುವಿನ ಇನ್ಹೇಲರ್ ನಿಲ್ಲಿಸುವುದು, ಕಡಿಮೆ ಮಾಡುವುದು ವೈದ್ಯರ ತೀರ್ಮಾನ. ಮಾರಾಟಗಾರರು ಅದರ ಬಗ್ಗೆ ಮಾತಾಡಿದರೆ ಅಲ್ಲಿಗೇ ಮಾತು ಮುಗಿಸಿ.

ನುಸಿ ಕಡಿಮೆ ಮಾಡಲು ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬಹುದು. ಕೋಣೆಯ ತೇವ ತಗ್ಗಿಸುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸುವುದೂ ನೆರವಾಗುತ್ತದೆ. ಇವಕ್ಕೆ ಖರ್ಚೂ ಕಡಿಮೆ. ವ್ಯಾಕ್ಯೂಮ್ ಮಾಡುವಾಗ ಧೂಳು ಏಳುತ್ತದೆ, ಹಾಗಾಗಿ ಅಲರ್ಜಿ ಇರುವವರು ಸ್ವಲ್ಪ ಹೊತ್ತು ಬೇರೆ ಕೋಣೆಯಲ್ಲಿರಲಿ.

ಕೋಣೆಯ ಗಾಳಿ ತೊಳೆಯುವ ಮಾತು

ಕೆಲವು ಯಂತ್ರಗಳನ್ನು ಮೂಲೆಯಲ್ಲಿಟ್ಟು, ನೀರಿಗೆ ಸುಗಂಧದ ಹನಿ ಹಾಕಿ ಓಡಿಸುತ್ತಾರೆ. ಕೋಣೆ ಘಮಘಮಿಸುತ್ತದೆ. ಪರಿಮಳ ಬಂದ ಮಾತ್ರಕ್ಕೆ ಗಾಳಿ ಶುದ್ಧವಾಯಿತು ಎಂದಲ್ಲ. ಅಸ್ತಮಾ ಇರುವ ಕೆಲವರಿಗೆ ಸುಗಂಧವೇ ಕೆಮ್ಮು ತರಿಸಬಹುದು. ಹಳೆಯ ಕೊಳಕು ನೀರಿನಲ್ಲೇ ಓಡಿಸಿದರೆ ಅದರ ಸಣ್ಣ ಹನಿಗಳೂ ಗಾಳಿಗೆ ಸೇರಬಹುದು.

ವೆಟ್ ಆಂಡ್ ಡ್ರೈ ಬೇರೆ, ವಾಟರ್ ಫಿಲ್ಟರ್ ಬೇರೆ

ಅಂಗಡಿಯಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲೇ. ವೆಟ್ ಆಂಡ್ ಡ್ರೈ ಎಂದರೆ ಚೆಲ್ಲಿದ ನೀರನ್ನೂ ಎಳೆದುಕೊಳ್ಳಬಲ್ಲ ಯಂತ್ರ. ಅದು ಧೂಳನ್ನು ನೀರಿನ ಮೂಲಕ ಸೋಸಬೇಕೆಂದೇನಿಲ್ಲ. ಹಾಗೆಯೇ ನೀರಿನ ಫಿಲ್ಟರ್ ಇರುವ ಎಲ್ಲ ಯಂತ್ರಗಳೂ ನೆಲದ ನೀರು ಎಳೆಯುವುದಿಲ್ಲ. ಕೈಪಿಡಿ ನೋಡದೆ ಚೆಲ್ಲಿದ ಸಾಂಬಾರಿಗೆ ನಳಿಕೆ ಇಡಬೇಡಿ.

ನಿತ್ಯದ ಬಳಕೆಯಲ್ಲಿ ಯಾವುದು ಹೇಗೆ?

ನೀರಿನ ಯಂತ್ರ: ಚೀಲ ಕೊಳ್ಳುವ ಖರ್ಚಿಲ್ಲ. ಖಾಲಿ ಮಾಡುವಾಗ ಒಣ ಧೂಳು ಹಾರುವುದಿಲ್ಲ. ಆದರೆ ನೀರಿನಿಂದಲೇ ಎರಡು ಕೆಜಿ ತೂಕ ಹೆಚ್ಚು, ಮೆಟ್ಟಿಲ ಮೇಲೆ ಓರೆಯಾದರೆ ಕಷ್ಟ. ಪ್ರತಿ ಸಲವೂ ನೀರು ಚೆಲ್ಲಿ, ತೊಟ್ಟಿ ತೊಳೆದು, ಒಣಗಿಸಬೇಕು. ಒಂದು ರಾತ್ರಿ ಬಿಟ್ಟರೂ ವಾಸನೆ ಶುರು. ನೆಲದಲ್ಲಿ ಸೋಪಿನ ಪುಡಿ ಇದ್ದರೆ ತೊಟ್ಟಿಯಲ್ಲಿ ನೊರೆ ಎದ್ದು ಮೋಟಾರಿನ ಕಡೆಗೆ ಹೋಗುತ್ತದೆ, ಅದಕ್ಕೆ ನೊರೆ ತಡೆಯುವ ದ್ರವ ಬೇಕು. ಬೋರ್‌ವೆಲ್ಲಿನ ಗಡಸು ನೀರು ಬಿಳಿ ಕಲೆ ಬಿಡುತ್ತದೆ.

ಚೀಲದ ಯಂತ್ರ: ಒಳ್ಳೆಯ ಪದರದ ಚೀಲ ಮತ್ತು ಹೆಪಾ ಇದ್ದರೆ ಸೂಕ್ಷ್ಮ ಧೂಳಿಗೆ ಚೆನ್ನಾಗಿ ಒದಗುತ್ತದೆ. ಚೀಲದ ಖರ್ಚು ಮುಗಿಯುವುದಿಲ್ಲ. ತುಂಬಿದಂತೆ ಎಳೆತ ಕುಗ್ಗುತ್ತದೆ.

ಸೈಕ್ಲೋನ್: ಹಗುರ, ಸುಲಭ. ಡಬ್ಬಿ ಖಾಲಿ ಮಾಡುವಾಗ ಧೂಳು ಮುಖಕ್ಕೆ ಬರುತ್ತದೆ. ಫಿಲ್ಟರನ್ನು ಆಗಾಗ ಶುಚಿ ಮಾಡಬೇಕು.

ವ್ಯಾಟ್ ಹೆಚ್ಚಿದ್ದರೆ ಎಳೆತ ಹೆಚ್ಚು ಎಂಬುದೂ ಸರಿಯಲ್ಲ. ವ್ಯಾಟ್ ಹೇಳುವುದು ಯಂತ್ರ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನು. ಯುರೋಪಿನ ಒಕ್ಕೂಟ 2017ರಲ್ಲಿ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 900 ವ್ಯಾಟ್ ಮಿತಿ ಹಾಕಿತು. ಅಲ್ಲಿನ ಮನೆಗಳು ಇಂದಿಗೂ ಸ್ವಚ್ಛವಾಗಿಯೇ ಇವೆ.

ಯಾವ ಜೋಡಣೆ ನಿಮಗೆ ಬೇಕು?

ಪೆಟ್ಟಿಗೆಯಲ್ಲಿ ಹನ್ನೆರಡು ಜೋಡಣೆ ಇದ್ದರೂ ದಿನವೂ ಕೈಗೆ ಬರುವುದು ಮೂರ್ನಾಲ್ಕು.

- ನೆಲದ ನಳಿಕೆ: ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಕ್ಕೆ ಮೃದು ಬ್ರಷ್ ಇರುವುದು ಸಾಕು.
- ಚಪ್ಪಟೆ ಮೂತಿಯ ನಳಿಕೆ: ಸೋಫಾ ಸಂದಿ, ಕಿಟಕಿಯ ಹಳಿ, ಕಾರಿನ ಸೀಟಿನ ಅಂಚಿಗೆ.
- ದುಂಡು ಬ್ರಷ್: ಪುಸ್ತಕದ ಕಪಾಟು, ಫ್ಯಾನಿನ ರೆಕ್ಕೆಗೆ.
- ಬಟ್ಟೆಯ ನಳಿಕೆ: ಹಾಸಿಗೆ, ಪರದೆಗೆ. ಅಗಲ ಕಡಿಮೆ ಇರುವುದರಿಂದ ಬಟ್ಟೆ ಒಳಗೆ ಎಳೆದುಕೊಳ್ಳುವುದಿಲ್ಲ.
- ತಿರುಗುವ ಬ್ರಷ್: ಇದರಲ್ಲಿ ಎರಡು ಬಗೆ. ಗಾಳಿಯ ಎಳೆತದಿಂದಲೇ ತಿರುಗುವ ಟರ್ಬೊ ಬ್ರಷ್ ಅಗ್ಗ, ದಪ್ಪ ಕಾರ್ಪೆಟ್ ಮೇಲೆ ಸುಸ್ತಾಗುತ್ತದೆ. ತನ್ನದೇ ಮೋಟಾರಿರುವ ಪವರ್ ಬ್ರಷ್ ಬಲವಾದದ್ದು, ದುಬಾರಿ. ಮನೆಯಲ್ಲಿ ಕಾರ್ಪೆಟ್ ಇಲ್ಲದಿದ್ದರೆ ಎರಡೂ ಬೇಡ. ಬರೀ ನೆಲದ ಮೇಲೆ ಇವು ಕಾಳು, ಮರಳನ್ನು ಚಿಮ್ಮಿಸುವುದೇ ಹೆಚ್ಚು.

ಯಾವ ಯಂತ್ರದಿಂದಲೂ ಎಳೆಯಬಾರದ್ದು

ಒಡೆದ ಥರ್ಮಾಮೀಟರಿನ ಪಾದರಸ, ಒಡೆದ ಸಿಎಫ್‌ಎಲ್ ಬಲ್ಬು. ವ್ಯಾಕ್ಯೂಮ್ ಪಾದರಸದ ಆವಿಯನ್ನು ಕೋಣೆಗೆಲ್ಲ ಹರಡುತ್ತದೆ, ನೀರಿನ ಯಂತ್ರವಾದರೂ ಅಷ್ಟೆ. ಇವು ಒಡೆದರೆ ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಚೂರುಗಳನ್ನು ಗಟ್ಟಿ ಕಾಗದದಿಂದ ಎತ್ತಿ ಮುಚ್ಚಿದ ಡಬ್ಬಿಗೆ ಹಾಕಿ. ಪೆಟ್ರೋಲ್, ಥಿನ್ನರ್, ಕೆಂಡವಿರುವ ಬೂದಿಯನ್ನೂ ಎಳೆಯಬೇಡಿ.

ಹಣ ಕೊಡುವ ಮುನ್ನ

ಮನೆಬಾಗಿಲಿಗೆ ಬರುವ ನೀರಿನ ಯಂತ್ರಗಳಲ್ಲಿ ಕೆಲವುಗಳ ಬೆಲೆ ಲಕ್ಷ ರೂಪಾಯಿ ದಾಟುತ್ತದೆ, ಕಂತಿನ ಆಮಿಷವೂ ಇರುತ್ತದೆ. ಆ ದಿನವೇ ಸಹಿ ಹಾಕಬೇಡಿ. ಈ ನಾಲ್ಕು ಪ್ರಶ್ನೆ ಕೇಳಿ: ನೀರಿನ ನಂತರ ಹೆಪಾ ಇದೆಯೇ, ಅದರ ದರ್ಜೆ ಏನು? ಬಿಡಿಭಾಗ ಮತ್ತು ಸರ್ವಿಸ್ ನಮ್ಮ ಊರಿನಲ್ಲಿ ಸಿಗುತ್ತದೆಯೇ? ಬದಲಿ ಫಿಲ್ಟರಿನ ಬೆಲೆ ಎಷ್ಟು? ವಾಪಸು ಕೊಡುವ ಷರತ್ತು ಬರಹದಲ್ಲಿದೆಯೇ?

2021ರ ಗ್ರಾಹಕ ರಕ್ಷಣಾ (ನೇರ ಮಾರಾಟ) ನಿಯಮಗಳ ಪ್ರಕಾರ ನೇರ ಮಾರಾಟಗಾರರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ನಿಮ್ಮ ಮನೆಗೆ ಬರುವಂತಿಲ್ಲ. ಮೋಸವಾಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮನೆ ತುಂಬ ಕಾರ್ಪೆಟ್, ಸೋಫಾ, ಸಾಕುಪ್ರಾಣಿ ಇದ್ದು, ಪ್ರತಿ ಸಲ ತೊಟ್ಟಿ ತೊಳೆಯುವ ತಾಳ್ಮೆಯೂ ಇದ್ದರೆ ಹೆಪಾ ಸಹಿತದ ನೀರಿನ ಯಂತ್ರ ಒಂದು ಸರಿಯಾದ ಆಯ್ಕೆ. ಬರೀ ಟೈಲ್ಸ್ ನೆಲದ ಎರಡು ಕೋಣೆಯ ಮನೆಗೆ ಪೊರಕೆ, ಒದ್ದೆ ಬಟ್ಟೆ ಮತ್ತು ಒಂದು ಸಾಧಾರಣ ವ್ಯಾಕ್ಯೂಮ್ ಧಾರಾಳವಾಯಿತು. ಉಳಿದ ಹಣ ನಿಮ್ಮ ಬಳಿಯೇ ಇರಲಿ.